ಎಂಜಿನಿಯರುಗಳ ಮಾತಿನ ಸುಗ್ಗಿ

ಸೆಪ್ಟೆಂಬರ್ 15 ಹತ್ತಿರವಾದಂತೆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಸಂಘಗಳ ಸಭಾಂಗಣಗಳಲ್ಲಿ ಉಪನ್ಯಾಸ, ಸಂವಾದಗಳು ಸಾಲುಗಟ್ಟುತ್ತವೆ. ಅಣೆಕಟ್ಟೆಯ ಗೇಟಿನಿಂದ ಸಾಫ್ಟ್‌ವೇರ್‌ವರೆಗೆ ಚರ್ಚೆಗೆ ವಿಷಯ ಬೇಕಾದಷ್ಟಿದೆ. ಇಂಥ ಸಭೆಗಳು ಹುಟ್ಟಿದ್ದು ಎಲ್ಲಿ, ನಡೆಯುವುದು ಹೇಗೆ, ಊರಿಗೆ ಅವುಗಳಿಂದ ಸಿಗುವುದೇನು?

2024ರ ಆಗಸ್ಟ್ 10ರ ತಡರಾತ್ರಿ. ಹೊಸಪೇಟೆಯ ತುಂಗಭದ್ರಾ ಜಲಾಶಯ ತುಂಬಿ ನಿಂತಿತ್ತು. ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೇಟು ನೀರಿನ ರಭಸಕ್ಕೆ ಕೊಚ್ಚಿಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕರ್ನಾಟಕ, ಆಂಧ್ರ, ತೆಲಂಗಾಣದ ರೈತರು ಬೆಳೆಗೆಂದು ನಂಬಿದ್ದ ನೀರು ಕಣ್ಣೆದುರೇ ನದಿಗೆ ಹರಿದುಹೋಗುತ್ತಿತ್ತು.

ಜಲಾಶಯ ಖಾಲಿಯಾಗುವವರೆಗೆ ಕಾಯುವಂತಿರಲಿಲ್ಲ. ಹರಿಯುವ ನೀರಿಗೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಕಿಂಡಿ ಮುಚ್ಚುವ ಯೋಜನೆ ಸಿದ್ಧವಾಯಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸ ನಡೆಯಿತು. ಬೇಕಾದ ಉಕ್ಕಿನ ತುಂಡುಗಳು ಸುತ್ತಲಿನ ಕಾರ್ಖಾನೆಗಳಲ್ಲೇ ತಯಾರಾದವು. ಕ್ರೇನಿನಿಂದ ಒಂದರ ಮೇಲೊಂದರಂತೆ ಇಳಿಸುತ್ತ, ಒಂದೇ ವಾರದಲ್ಲಿ ಹರಿವಿಗೆ ತಡೆ ಬಿತ್ತು.

ಆ ಒಂದು ವಾರದಲ್ಲಿ ಎಂಜಿನಿಯರುಗಳು, ವೆಲ್ಡರುಗಳು, ಕ್ರೇನ್ ನಡೆಸುವವರು ಕಲಿತದ್ದು ಪಠ್ಯಪುಸ್ತಕ ತೆರೆದರೆ ಸಿಗುವ ಪಾಠವಲ್ಲ. ಅಂಥ ಅರಿವು ಕೈಯಲ್ಲಿ, ಕಣ್ಣಲ್ಲಿ ಇರುತ್ತದೆ. ಅದನ್ನು ಬಲ್ಲವರು ನಿವೃತ್ತರಾದರೆ ಜೊತೆಗೇ ಹೊರಟುಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಒಂದು ನಂಬಿಕಸ್ತ ದಾರಿಯಿದೆ. ಕೆಲಸ ಮಾಡಿದವರು ಓರಗೆಯವರ ಮುಂದೆ ನಿಂತು ಹೇಳಬೇಕು, ಕೇಳುವವರು ಪ್ರಶ್ನೆ ಹಾಕಬೇಕು, ಎರಡೂ ದಾಖಲಾಗಬೇಕು. ಎಂಜಿನಿಯರುಗಳ ಉಪನ್ಯಾಸ, ಸಂವಾದಗಳಿರುವುದು ಇದಕ್ಕಾಗಿ.

ಪೇಟದ ಚಿತ್ರ, ತುಂಬಿದ ಸಭಾಂಗಣ

ಸರ್ ಎಂ. ವಿಶ್ವೇಶ್ವರಯ್ಯ ಅವರ ಜನ್ಮದಿನವಾದ ಸೆಪ್ಟೆಂಬರ್ 15 ದೇಶದಲ್ಲಿ 1968ರಿಂದ ಎಂಜಿನಿಯರುಗಳ ದಿನ. ಕರ್ನಾಟಕದಲ್ಲಿ ಇದು ಒಂದೇ ದಿನಕ್ಕೆ ಮುಗಿಯುವ ಆಚರಣೆಯಲ್ಲ. ಕಾಲೇಜುಗಳ ಸಭಾಂಗಣಗಳಲ್ಲಿ ಪೇಟ ಧರಿಸಿದ ಸರ್ ಎಂ.ವಿ. ಚಿತ್ರಕ್ಕೆ ಹಾರ ಬೀಳುತ್ತದೆ. ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿರುವ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ರಾಜ್ಯ ಕೇಂದ್ರದಿಂದ ಹಿಡಿದು ಜಿಲ್ಲೆಗಳ ಪಾಲಿಟೆಕ್ನಿಕ್‌ಗಳವರೆಗೆ ಅತಿಥಿಗಳ ಓಡಾಟ ಹೆಚ್ಚುತ್ತದೆ.

ಹಾರ, ಸನ್ಮಾನ, ನೆನಪಿನ ಕಾಣಿಕೆಗಳ ನಡುವೆ ಮುಖ್ಯವಾದದ್ದು ಸಮಯದ ಅಭಾವಕ್ಕೆ ಸಿಕ್ಕಿ ಸೊರಗುವುದುಂಟು. ಹಾಗಾಗದಂತೆ ಕಾಯ್ದುಕೊಂಡ ಸಭೆಗಳು ಕಟ್ಟಿದ ಪರಂಪರೆಗೆ ಇನ್ನೂರು ವರ್ಷ ದಾಟಿದೆ.

ಕಾಫಿ ಹೌಸಿನಲ್ಲಿ ಆರಂಭ

1818ರ ಜನವರಿ 2ರಂದು ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನ ಕೆಂಡಲ್ ಕಾಫಿ ಹೌಸಿನಲ್ಲಿ ಕೆಲವು ತರುಣರು ಸೇರಿದರು. ಮುಂದಾಳು ಹೆನ್ರಿ ರಾಬಿನ್ಸನ್ ಪಾಮರ್‌ಗೆ ಇಪ್ಪತ್ತರ ಆಚೀಚಿನ ವಯಸ್ಸು. ಕಾಲುವೆ, ಸೇತುವೆ, ರಸ್ತೆ ಕಟ್ಟುವ ಕಸುಬನ್ನು ಆಗ ಹಿರಿಯರ ಕೈಕೆಳಗೆ ದುಡಿದೇ ಕಲಿಯಬೇಕಿತ್ತು. ಒಬ್ಬರ ಅನುಭವ ಇನ್ನೊಬ್ಬರಿಗೆ ತಲುಪುವ ವ್ಯವಸ್ಥೆಯೇ ಇರಲಿಲ್ಲ. ಪರಸ್ಪರ ಕಲಿಯೋಣ ಎಂದು ಈ ತರುಣರು ಕಟ್ಟಿದ್ದೇ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್.

ಮೊದಲೆರಡು ವರ್ಷ ಸಂಘ ಸೊರಗಿಯೇ ಇತ್ತು. 1820ರಲ್ಲಿ ಆ ಕಾಲದ ಹೆಸರಾಂತ ಎಂಜಿನಿಯರ್ ಥಾಮಸ್ ಟೆಲ್ಫೋರ್ಡ್ ಅಧ್ಯಕ್ಷರಾದ ಮೇಲೆ ಚಿತ್ರವೇ ಬದಲಾಯಿತು. ಸಭೆಯಲ್ಲಿ ಆಡಿದ ಮಾತನ್ನು ಬರೆದಿಡುವುದಕ್ಕೆ ಅವರು ಒತ್ತು ಕೊಟ್ಟರು. 1828ರಲ್ಲಿ ಸಂಸ್ಥೆಗೆ ರಾಜಮನ್ನಣೆ ದೊರೆಯಿತು. 1837ರಿಂದ ನಡಾವಳಿಗಳು ಅಚ್ಚಾಗತೊಡಗಿದವು. ಪ್ರಬಂಧದ ಜೊತೆಗೆ ಅದರ ಮೇಲಿನ ಚರ್ಚೆಯೂ ಅದೇ ಪುಟಗಳಲ್ಲಿ ಬರುತ್ತಿತ್ತು. ಲೆಕ್ಕ ಎಲ್ಲಿ ತಪ್ಪಿದೆ, ಆ ಮಣ್ಣಿನಲ್ಲಿ ಈ ಅಡಿಪಾಯ ನಿಂತೀತೇ ಎಂಬ ತಕರಾರುಗಳು ಪ್ರಬಂಧದಷ್ಟೇ ಬೆಲೆಯುಳ್ಳ ದಾಖಲೆಯಾದವು.

ಭಾರತದಲ್ಲಿ ಎಲ್ಲ ಶಾಖೆಗಳ ಎಂಜಿನಿಯರುಗಳನ್ನು ಒಂದೆಡೆ ತಂದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ 1920ರಲ್ಲಿ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ.

ಮೈಸೂರು ತೋರಿದ ದಾರಿ

ಅದಕ್ಕೂ ಮೊದಲೇ ಮೈಸೂರು ಸಂಸ್ಥಾನದಲ್ಲಿ ಬೇರೆಯದೇ ಬಗೆಯ ಪ್ರಯೋಗ ನಡೆದಿತ್ತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಆರ್ಥಿಕ ಸಮ್ಮೇಳನಕ್ಕೆ ಚಾಲನೆ ಕೊಟ್ಟರು. ಅದರ ಹಿಂದಿನ ಪ್ರೇರಣೆ ಆಗ ಮುಖ್ಯ ಎಂಜಿನಿಯರ್ ಆಗಿದ್ದ, ಮರುವರ್ಷ ದಿವಾನರಾದ ವಿಶ್ವೇಶ್ವರಯ್ಯ. ಅಧಿಕಾರಿಗಳು, ವರ್ತಕರು, ಕೃಷಿಕರು, ವಿದ್ಯಾವಂತರು ಒಂದೇ ಸಭೆಯಲ್ಲಿ ಕೂತು ಚರ್ಚಿಸಿದರು. ಕೃಷಿ, ಶಿಕ್ಷಣ, ಕೈಗಾರಿಕೆ–ವಾಣಿಜ್ಯಕ್ಕೆ ಒಂದೊಂದು ಸಮಿತಿ ಇತ್ತು.

ಚರ್ಚೆ ಕಾಗದದಲ್ಲೇ ಉಳಿಯಲಿಲ್ಲ. 1913ರಲ್ಲಿ ಮೈಸೂರು ಬ್ಯಾಂಕ್ ಆರಂಭವಾಯಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ಆ ಕಾಲೇಜೇ ಇಂದಿನ ಯು.ವಿ.ಸಿ.ಇ. ಎಂಜಿನಿಯರೊಬ್ಬರು ಬೇರೆ ಕಸುಬಿನವರನ್ನೂ ಚರ್ಚೆಗೆ ಕರೆದು ಕೂರಿಸಿದರೆ ಏನಾಗಬಹುದು ಎಂಬುದಕ್ಕೆ ಆ ವರ್ಷಗಳೇ ಸಾಕ್ಷಿ.

> ಬಾಕ್ಸ್: ಮಾತಿನ ಋತುಮಾನ
> • ಫೆಬ್ರುವರಿ: ಬೆಸ ವರ್ಷಗಳಲ್ಲಿ ಯಲಹಂಕದ ಏರೋ ಇಂಡಿಯಾ, ವಿಮಾನಗಳ ಹಾರಾಟದ ಜೊತೆಗೆ ತಾಂತ್ರಿಕ ವಿಚಾರ ಸಂಕಿರಣ. ಮೊದಲ ಪ್ರದರ್ಶನ 1996ರಲ್ಲಿ.
> • ಫೆಬ್ರುವರಿ 28: ರಾಷ್ಟ್ರೀಯ ವಿಜ್ಞಾನ ದಿನ.
> • ಮೇ 11: ರಾಷ್ಟ್ರೀಯ ತಂತ್ರಜ್ಞಾನ ದಿನ.
> • ಸೆಪ್ಟೆಂಬರ್ 15: ಎಂಜಿನಿಯರುಗಳ ದಿನ.
> • ನವೆಂಬರ್: ಬೆಂಗಳೂರು ಟೆಕ್ ಸಮ್ಮಿಟ್, 1998ರಲ್ಲಿ ಬೆಂಗಳೂರು ಐಟಿ ಡಾಟ್ ಕಾಮ್ ಹೆಸರಿನಲ್ಲಿ ಆರಂಭವಾದ ಸಮಾವೇಶದ ಮುಂದುವರಿಕೆ.

ಕಂಪ್ಯೂಟರ್ ಮಂದಿ ತಂದ ಹೊಸ ರೂಢಿ

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳು ಸಭೆಯ ರೂಪವನ್ನೇ ಬದಲಿಸಿದರು. 2001ರಲ್ಲಿ ನಡೆದ ಲಿನಕ್ಸ್ ಬೆಂಗಳೂರು ಸಮಾವೇಶವನ್ನು ಕಂಪನಿಗಳಿಗಿಂತ ಹೆಚ್ಚಾಗಿ ಉತ್ಸಾಹಿ ಸ್ವಯಂಸೇವಕರೇ ಕಟ್ಟಿದ್ದರು. ಮುಂದೆ ಅದು ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ಬೆಳೆಯಿತು. 2006ರಲ್ಲಿ ಬಾರ್‌ಕ್ಯಾಂಪ್ ಬೆಂಗಳೂರು ಶುರುವಾಯಿತು. 2009ರ ಸೆಪ್ಟೆಂಬರ್‌ನಲ್ಲಿ ಪೈಥಾನ್ ಭಾಷೆಯ ಬಳಕೆದಾರರ ಮೊದಲ ರಾಷ್ಟ್ರೀಯ ಸಮಾವೇಶ, ಪೈಕಾನ್ ಇಂಡಿಯಾ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆಯಿತು.

ಬಾರ್‌ಕ್ಯಾಂಪಿನಲ್ಲಿ ಆಹ್ವಾನ ಪತ್ರಿಕೆಯಿಲ್ಲ, ಮುಖ್ಯ ಅತಿಥಿಯಿಲ್ಲ. ಬೆಳಿಗ್ಗೆ ಗೋಡೆಯ ಮೇಲೆ ಸಮಯದ ಪಟ್ಟಿ ಖಾಲಿ ಇರುತ್ತದೆ. ಮಾತಾಡುವವರು ವಿಷಯ ಬರೆದು ಅಂಟಿಸುತ್ತಾರೆ. ಪ್ರಯೋಜನ ಕಾಣದವರು ಎದ್ದು ಪಕ್ಕದ ಕೋಣೆಗೆ ಹೋಗಬಹುದು, ಅದನ್ನು ಯಾರೂ ಅಗೌರವವೆಂದು ತಿಳಿಯುವುದಿಲ್ಲ. ಹೊಸಬರಿಗೆ ಅಂಜಿಕೆ ಬಿಡಿಸಲು ಐದು ನಿಮಿಷದ ಕಿರುಮಾತು ಒಳ್ಳೆಯ ಉಪಾಯವಾಯಿತು. ಲೈಟ್ನಿಂಗ್ ಟಾಕ್ ಎನ್ನುವ ಈ ಪ್ರಕಾರದಲ್ಲಿ ಗಂಟೆ ಬಾರಿಸಿದೊಡನೆ ಮಾತು ನಿಲ್ಲಬೇಕು. ಚೆನ್ನಾಗಿ ಬಂದರೆ ಮುಂದಿನ ವರ್ಷ ಪೂರ್ಣಾವಧಿಯ ಅವಕಾಶ ಕೇಳುವ ಧೈರ್ಯ ಬರುತ್ತದೆ. ಬಾರದಿದ್ದರೂ ನಷ್ಟ ಐದೇ ನಿಮಿಷ.

ವೇದಿಕೆ ಏರುವ ಮೊದಲು

ಇಂದಿನ ಬಹುತೇಕ ತಾಂತ್ರಿಕ ಸಮಾವೇಶಗಳು ತಿಂಗಳುಗಳ ಮೊದಲೇ ಪ್ರಸ್ತಾವ ಕರೆಯುತ್ತವೆ. ವಿಷಯವೇನು, ಯಾರಿಗಾಗಿ, ಕೇಳಿದವರು ಏನನ್ನು ಕಲಿತು ಹೋಗುತ್ತಾರೆ ಎಂಬುದನ್ನು ಕೆಲವೇ ಸಾಲುಗಳಲ್ಲಿ ಬರೆಯಬೇಕು. ಪರಿಶೀಲಕರ ತಂಡ ಅದನ್ನು ಓದಿ ಅಂಕ ಕೊಡುತ್ತದೆ. ಹೆಸರು, ಹುದ್ದೆ ನೋಡಿ ಮಣೆ ಹಾಕಬಾರದೆಂದು ಕೆಲವು ಕಡೆ ಅವೆರಡನ್ನೂ ಮರೆಮಾಡಿ ಓದಿಸುತ್ತಾರೆ.

ಆಯ್ಕೆಯಾದವರಿಗೆ ತಾಲೀಮು ಕಡ್ಡಾಯವಾಗಿರುವ ಸಮಾವೇಶಗಳೂ ಇವೆ. ತಾಲೀಮಿನಲ್ಲಿ ಮೊದಲು ಕತ್ತರಿ ಬೀಳುವುದು ಕಂಪನಿ ಪರಿಚಯದ ಸ್ಲೈಡುಗಳಿಗೆ. ಆಮೇಲೆ, ತಿಳಿದದ್ದನ್ನೆಲ್ಲ ಹೇಳಿಬಿಡುವ ಆಸೆಗೆ. ಇಪ್ಪತ್ತು ನಿಮಿಷದಲ್ಲಿ ಒಂದು ಸಮಸ್ಯೆ, ಅದಕ್ಕೆ ಹುಡುಕಿದ ದಾರಿಗಳು, ಕೈಕೊಟ್ಟ ದಾರಿ, ಕೈಹಿಡಿದ ದಾರಿ, ತಗುಲಿದ ವೆಚ್ಚ ಇಷ್ಟನ್ನು ಸ್ಪಷ್ಟವಾಗಿ ಹೇಳಿದರೆ ಅದೇ ಒಳ್ಳೆಯ ಉಪನ್ಯಾಸ. ಪ್ರಶ್ನೆಗಳಿಗೆಂದು ಮೀಸಲಿಟ್ಟ ಹತ್ತು ನಿಮಿಷವನ್ನು ಭಾಷಣ ನುಂಗಬಾರದು.

ಸಂವಾದದ ಲೆಕ್ಕಾಚಾರ

ಉಪನ್ಯಾಸಕ್ಕಿಂತ ಸಂವಾದ ಸುಲಭ ಎಂಬ ಭಾವನೆ ಸಂಘಟಕರಲ್ಲಿ ವ್ಯಾಪಕವಾಗಿದೆ. ಐದು ಜನರನ್ನು ಕೂರಿಸಿದರೆ ಸಾಕು, ಮಾತು ತಾನಾಗಿ ಹರಿಯುತ್ತದೆ ಎಂದುಕೊಳ್ಳುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. 45 ನಿಮಿಷದ ಸಂವಾದದಲ್ಲಿ ಐವರೂ ಐದೈದು ನಿಮಿಷ ಪೀಠಿಕೆ ಹಾಕಿದರೆ 25 ನಿಮಿಷ ಮುಗಿಯಿತು. ಸ್ವಾಗತ, ಪರಿಚಯ, ವಂದನೆಗೆ ಹತ್ತು ನಿಮಿಷ ತೆಗೆದರೆ ಚರ್ಚೆಗೆ ಉಳಿಯುವುದು ಹತ್ತು ನಿಮಿಷ ಮಾತ್ರ.

ಆದ್ದರಿಂದ ಮೂವರು ಅಥವಾ ನಾಲ್ವರು ಸಾಕು. ಅವರೆಲ್ಲ ಒಂದೇ ಮಾತನ್ನು ಒಪ್ಪುವವರಾಗಿದ್ದರೆ ಸಂವಾದದ ಅಗತ್ಯವೇ ಇಲ್ಲ. ಬೆಂಗಳೂರಿನ ರಾಜಕಾಲುವೆಗಳ ಮೇಲೆ ಸಂವಾದವೆಂದರೆ ಪಾಲಿಕೆಯ ಎಂಜಿನಿಯರ್, ಜಲವಿಜ್ಞಾನಿ, ಕಾಮಗಾರಿ ನಡೆಸಿದ ಗುತ್ತಿಗೆದಾರ, ಮನೆಗೆ ನೀರು ನುಗ್ಗಿ ತೊಂದರೆಪಟ್ಟ ನಿವಾಸಿ ನಾಲ್ವರೂ ಇರಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತಾಗ ಟ್ರ್ಯಾಕ್ಟರುಗಳಲ್ಲಿ ಕೆಲಸಕ್ಕೆ ಹೋದವರಿಗೆ ಕೇಳಲು ಪ್ರಶ್ನೆಗಳಿವೆ. ಆ ಪ್ರಶ್ನೆಗಳು ವೇದಿಕೆಗೆ ಬಂದಾಗಷ್ಟೇ ನಕ್ಷೆಯಲ್ಲಿರುವ ಕಾಲುವೆಗೂ ನೆಲದ ಮೇಲಿರುವ ಕಾಲುವೆಗೂ ಇರುವ ಅಂತರ ಬಯಲಾಗುತ್ತದೆ.

ಸಂವಾದ ನಡೆಸಿಕೊಡುವವರ ಹೊಣೆ ದೊಡ್ಡದು. ಅವರು ವಿಷಯ ಓದಿಕೊಂಡಿರಬೇಕು, ನುಣುಚಿಕೊಂಡ ಪ್ರಶ್ನೆಗೆ ಮತ್ತೆ ಮರಳಬೇಕು, ಮಾತು ಉದ್ದವಾದರೆ ವಿನಯದಿಂದಲೇ ತಡೆಯಬೇಕು.

> ಬಾಕ್ಸ್: ಸಭೆಗಳ ಬಗೆ
> • ಪ್ರಧಾನ ಉಪನ್ಯಾಸ: ಸಮಾವೇಶದ ದಿಕ್ಕು ಸೂಚಿಸುವ ಭಾಷಣ.
> • ಪ್ರಬಂಧ ಮಂಡನೆ: ಅಳತೆ, ಲೆಕ್ಕ, ಫಲಿತಾಂಶಗಳ ಸಮೇತ ಓದು, ಕೊನೆಗೆ ಪ್ರಶ್ನೋತ್ತರ.
> • ಸಂವಾದ: ಭಿನ್ನ ನಿಲುವಿನವರ ಮುಖಾಮುಖಿ.
> • ಕಿರುಮಾತು: ಐದು ನಿಮಿಷ, ಒಂದೇ ವಿಚಾರ.
> • ಕಾರ್ಯಾಗಾರ: ಕೇಳುಗರ ಕೈಯಲ್ಲೇ ಉಪಕರಣ, ಮಾಡಿ ಕಲಿಯುವ ಅವಧಿ.
> • ಬಯಲು ಸಮಾವೇಶ: ಕಾರ್ಯಕ್ರಮದ ಪಟ್ಟಿಯನ್ನು ಬಂದವರೇ ಬರೆಯುವ ಸಭೆ.

ಸೋಲನ್ನು ಹೇಳುವ ಎದೆಗಾರಿಕೆ

ಎಂಜಿನಿಯರಿಂಗ್ ಸಭೆಯಲ್ಲಿ ಅತಿ ಹೆಚ್ಚು ಕಲಿಸುವುದು ಸೋಲಿನ ವರದಿ. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಮೇಲೆದ್ದ ಎಸ್‌ಎಲ್‌ವಿ–3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದವರು ಎ.ಪಿ.ಜೆ. ಅಬ್ದುಲ್ ಕಲಾಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಇಸ್ರೊ ಅಧ್ಯಕ್ಷರೂ ಆಗಿದ್ದ ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ಕೂತು ಹೊಣೆ ಹೊತ್ತರು. ಎಲ್ಲಿ ಎಡವಿತು ಎಂಬುದರ ಪರಿಶೀಲನೆ ನಡೆದು, ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ದೋಷ ಪತ್ತೆಯಾಯಿತು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಮುಂದೆ ಮಾತಾಡಲು ಧವನ್ ಕಳಿಸಿದ್ದು ಕಲಾಂ ಅವರನ್ನು. ಈ ಪ್ರಸಂಗವನ್ನು ಕಲಾಂ ಮುಂದೆ ವಿದ್ಯಾರ್ಥಿಗಳ ಸಭೆಗಳಲ್ಲಿ ಮತ್ತೆಮತ್ತೆ ಹೇಳಿದರು.

ನ್ಯೂಯಾರ್ಕಿನ ಸಿಟಿಕಾರ್ಪ್ ಗೋಪುರದ ಕಥೆ ಇನ್ನೊಂದು ಮುಖ ತೋರಿಸುತ್ತದೆ. 1977ರಲ್ಲಿ ಪೂರ್ಣಗೊಂಡ ಈ 59 ಮಹಡಿಯ ಕಟ್ಟಡದ ಕಂಬಗಳು ಮೂಲೆಗಳಲ್ಲಿಲ್ಲ, ಪ್ರತಿ ಬದಿಯ ನಡುವೆ ಇವೆ. 1978ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಪ್ರಶ್ನೆ ರಚನಾ ಎಂಜಿನಿಯರ್ ವಿಲಿಯಂ ಲೆಮೆಸ್ಯೂರಿಯರ್ ತಮ್ಮ ಲೆಕ್ಕಗಳಿಗೆ ಮರಳಲು ಕಾರಣವಾಯಿತು. ಮೂಲೆಯ ದಿಕ್ಕಿನಿಂದ ಬೀಸುವ ಗಾಳಿಯನ್ನು ಗಣನೆಗೆ ತಂದಾಗ ಅಪಾಯ ಕಂಡಿತು. ಬೆಸುಗೆ ಹಾಕಬೇಕಿದ್ದ ಜೋಡಣೆಗಳನ್ನು ಬೋಲ್ಟ್ ಬಿಗಿದು ಮುಗಿಸಿದ್ದರು. ರಾತ್ರಿ ಹೊತ್ತು ಗುಟ್ಟಾಗಿ ಉಕ್ಕಿನ ತಗಡುಗಳನ್ನು ಬೆಸೆದು ಕಟ್ಟಡವನ್ನು ಬಲಪಡಿಸಲಾಯಿತು.

ಈ ವಿಷಯ ಸಾರ್ವಜನಿಕರಿಗೆ ತಿಳಿದದ್ದು 1995ರಲ್ಲಿ. ಒಂದು ಪ್ರಶ್ನೆ ಕಟ್ಟಡದ ದುರಸ್ತಿಗೆ ದಾರಿ ಮಾಡಿತು. ಅದರ ಪಾಠ ಮಾತ್ರ ಸುಮಾರು ಹದಿನೇಳು ವರ್ಷ ಜಗತ್ತಿನ ಉಳಿದ ರಚನಾ ಎಂಜಿನಿಯರುಗಳಿಗೆ ಸಿಗಲಿಲ್ಲ. ಸೋಲು ಮುಚ್ಚಿಟ್ಟರೆ ಅದರ ಬೆಲೆಯನ್ನು ಬೇರೆ ಊರಿನವರೂ ತೆರಬೇಕಾಗಬಹುದು.

ವೇದಿಕೆಯಲ್ಲಿ ಯಾರಿದ್ದಾರೆ?

1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಎಂಜಿನಿಯರುಗಳು ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಭಾರತದಿಂದ ಹೋದವರು ಎ. ಲಲಿತಾ. ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ಅವರು ದೇಶದ ಮೊದಲ ಮಹಿಳಾ ಎಂಜಿನಿಯರುಗಳಲ್ಲಿ ಒಬ್ಬರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಮೈಕ್ರೋವೇವ್ ಮತ್ತು ಆಂಟೆನಾ ವಿಷಯ ಕಲಿಸಿದರು.

ಇಂದು ಎಂಜಿನಿಯರಿಂಗ್ ತರಗತಿಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಾಗಿದ್ದೂ ಗಂಡಸರೇ ತುಂಬಿದ ಸಂವಾದ ಅಪರೂಪವಲ್ಲ. ಕೊನೆಯ ಗಳಿಗೆಯಲ್ಲಿ ಹೆಸರು ಹುಡುಕದೆ ಪ್ರಸ್ತಾವ ಕರೆಯುವ ಹಂತದಲ್ಲೇ ಯತ್ನಿಸಿದರೆ ಇದು ಸರಿಹೋಗುತ್ತದೆ. ಮಕ್ಕಳ ಪಾಲನೆಯ ವ್ಯವಸ್ಥೆ, ಸಂಜೆ ಬೇಗ ಮುಗಿಯುವ ಸಮಯ, ದೂರದ ಊರಿನವರಿಗೆ ಪ್ರಯಾಣದ ಖರ್ಚು ಇವನ್ನು ಒದಗಿಸಿದ ಸಭೆಗಳಿಗೆ ಹೊಸ ದನಿಗಳು ಬರುತ್ತವೆ.

ಬೆಂಗಳೂರಿನಾಚೆಗೆ, ಕನ್ನಡದಲ್ಲಿ

ಕರ್ನಾಟಕದ ಎಂಜಿನಿಯರಿಂಗ್ ನಕ್ಷೆ ಎಂದೂ ಬೆಂಗಳೂರಿಗೆ ಸೀಮಿತವಾಗಿರಲಿಲ್ಲ. ಮೈಸೂರಿನ ಎನ್‌ಐಇ 1946ರಲ್ಲಿ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 1947ರಲ್ಲಿ, ಕಲಬುರಗಿಯ ಪಿ.ಡಿ.ಎ. ಕಾಲೇಜು 1958ರಲ್ಲಿ, ಸುರತ್ಕಲ್ ಮತ್ತು ಹಾಸನದ ಕಾಲೇಜುಗಳು 1960ರಲ್ಲಿ ಆರಂಭವಾದವು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲಿದೆ. ಸಭಾಂಗಣ, ಅಧ್ಯಾಪಕರು, ವಿದ್ಯಾರ್ಥಿಗಳು ಎಲ್ಲ ಇರುವ ಈ ಊರುಗಳಲ್ಲಿ ತಿಂಗಳಿಗೊಂದು ಸಂಜೆ ಸ್ಥಳೀಯ ಸಮಸ್ಯೆಯ ಮೇಲೆ ಚರ್ಚೆ ನಡೆಸಲು ದೊಡ್ಡ ಬಜೆಟ್ ಬೇಕಿಲ್ಲ.

ಅಲ್ಲಿ ಕನ್ನಡವೇ ಚರ್ಚೆಯ ಭಾಷೆಯಾದರೆ ವೇದಿಕೆಯೂ ವಿಸ್ತಾರವಾಗುತ್ತದೆ. ಕಟ್ಟಡದ ಮೇಸ್ತ್ರಿ, ವಿದ್ಯುತ್ ಲೈನ್‌ಮನ್, ಪಂಪು ನಡೆಸುವವರು, ಕೆರೆಯ ತೂಬು ತೆಗೆದು ನೀರು ಹಂಚುವ ನೀರುಗಂಟಿ ಇವರೆಲ್ಲ ಎಂಜಿನಿಯರಿಂಗ್ ಅರಿವುಳ್ಳವರು. ಇಂಗ್ಲಿಷ್ ಮಾತ್ರ ನಡೆಯುವ ಸಭೆಯಲ್ಲಿ ಅವರು ಕೇಳುಗರಾಗಿಯೂ ಕೂರಲಾರರು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಎಂಜಿನಿಯರಿಂಗ್ ಶಿಕ್ಷಣವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ನೀಡಲು ಅವಕಾಶ ಕೊಟ್ಟಿತು. ತರಗತಿಯ ಕನ್ನಡ ಗಟ್ಟಿಯಾಗಬೇಕಾದರೆ ಅದೇ ವಿಷಯಗಳ ಮೇಲೆ ಅನುಭವಿಗಳು ಕನ್ನಡದಲ್ಲಿ ಮಾತಾಡಿದ, ವಾದಿಸಿದ ದಾಖಲೆಗಳು ಬೇಕು.

> ಬಾಕ್ಸ್: ಕೇಳಲು ಹೋಗುವವರಿಗೆ
> • ವಿಷಯದ ಸಾರಾಂಶ ಓದಿಕೊಂಡೇ ಹೊರಡುವುದು ಒಳಿತು.
> • ಪ್ರಶ್ನೆ ಒಂದೇ ಇರಲಿ, ಅರ್ಧ ನಿಮಿಷದೊಳಗೆ ಮುಗಿಯಲಿ.
> • "ಇದು ಯಾವ ಸಂದರ್ಭದಲ್ಲಿ ಕೆಲಸ ಮಾಡುವುದಿಲ್ಲ?" ಎಂಬ ಪ್ರಶ್ನೆ ಯಾವ ಉಪನ್ಯಾಸಕ್ಕೂ ಹೊಂದುತ್ತದೆ.
> • ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲಿ ಕೂರಲಿ. ಮೊದಲ ಪ್ರಶ್ನೆ ಅವರದ್ದಾಗಲಿ.
> • ಚಹಾ ವಿರಾಮದಲ್ಲಿ ಭಾಷಣಕಾರರನ್ನು ಮಾತಾಡಿಸಲು ಹಿಂಜರಿಕೆ ಬೇಡ.

ಈ ಋತುವಿಗೆ ತಕ್ಕ ವಿಷಯಗಳು

ನಾಡಿನ ಎಂಜಿನಿಯರುಗಳ ಮುಂದೆ ಚರ್ಚೆಗೆ ಕಾದಿರುವ ವಿಷಯಗಳಿಗೆ ಬರವಿಲ್ಲ. ಹಳೆಯ ಅಣೆಕಟ್ಟೆಗಳ ಗೇಟು, ಚೈನುಗಳ ತಪಾಸಣೆ ಎಷ್ಟು ಕಾಲಕ್ಕೊಮ್ಮೆ ಆಗಬೇಕು, ತುರ್ತಿಗೆ ಸ್ಟಾಪ್‌ಲಾಗ್ ಎಲ್ಲಿ ಸಿದ್ಧವಿರಬೇಕು ಎಂಬುದು ಮೊದಲನೆಯದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಪ್ರಾಣಗಳು ಹೋದವು. ಘಟ್ಟ, ಕರಾವಳಿಗಳಲ್ಲಿ ಗುಡ್ಡವನ್ನು ಯಾವ ಇಳಿಜಾರಿನಲ್ಲಿ ಕಡಿಯಬೇಕು, ಮಳೆನೀರನ್ನು ಎತ್ತ ಹರಿಸಬೇಕು ಎಂಬುದು ಕಾರವಾರ, ಮಡಿಕೇರಿಗಳಲ್ಲಿ ಜನರ ಮುಂದೆಯೇ ನಡೆಯಬೇಕಾದ ಚರ್ಚೆ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಹಗಲಿನ ಬಿಸಿಲನ್ನು ಸಂಜೆಯ ಬೇಡಿಕೆಗೆ ಕೂಡಿಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಿದೆ. ಕಾಡಿನ ನಷ್ಟವನ್ನು ಮುಂದಿಟ್ಟು ತೀವ್ರ ವಿರೋಧವೂ ಬಂದಿದೆ. ವಿದ್ಯುತ್ ಎಂಜಿನಿಯರ್, ಪರಿಸರ ವಿಜ್ಞಾನಿ, ಕಣಿವೆಯ ನಿವಾಸಿ, ಬ್ಯಾಟರಿ ತಜ್ಞರು ಒಂದೇ ವೇದಿಕೆಯಲ್ಲಿ ಅಂಕಿಅಂಶ ಮುಂದಿಟ್ಟು ಮಾತಾಡಿದರೆ ಘೋಷಣೆಗಳಿಗಿಂತ ಹೆಚ್ಚು ಬೆಳಕು ಬೀಳುತ್ತದೆ.

ಸಭೆ ಮುಗಿದ ಮೇಲೆ ಸಂಘಟಕರಿಗೆ ಉಳಿಯುವ ಕೆಲಸ ಮೂರು. ಉಪನ್ಯಾಸದ ಧ್ವನಿಮುದ್ರಣ ಎಲ್ಲರಿಗೂ ಸಿಗುವಂತೆ ಇಡಬೇಕು. ಪ್ರಶ್ನೋತ್ತರವನ್ನು ಅಕ್ಷರಕ್ಕಿಳಿಸಿ ಕಾಲೇಜಿನ ಗ್ರಂಥಾಲಯಕ್ಕೆ ಸೇರಿಸಬೇಕು. ಉತ್ತರ ಸಿಗದ ಪ್ರಶ್ನೆಗಳನ್ನು ಪಟ್ಟಿಮಾಡಿ ಸಂಬಂಧಪಟ್ಟ ಇಲಾಖೆಗೆ ಕಳಿಸಿ, ಬಂದ ಜವಾಬನ್ನು ಮುಂದಿನ ಸಭೆಯಲ್ಲಿ ಓದಬೇಕು. ಈ ಮೂರನ್ನೂ ತಪ್ಪದೆ ಮಾಡುವ ಊರಿನಲ್ಲಿ ಒಬ್ಬ ಎಂಜಿನಿಯರ್ ಕಲಿತದ್ದು ಮುಂದಿನ ತಲೆಮಾರಿಗೂ ದಕ್ಕುತ್ತದೆ.